ಪದ ಪರಿಚಯ: ಯೂಸ್ ಆಫ್ಟರ್ ಫ್ರೀ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಂದು ಭಾಗ ಮೆಮೊರಿ ಕೇಳಿ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಕೊಡುತ್ತದೆ. ಕೊಟ್ಟ ಮೇಲೂ ಹಳೆಯ ವಿಳಾಸವನ್ನೇ ಹಿಡಿದುಕೊಂಡು ಅಲ್ಲಿ ಓದಿದರೆ ಅಥವಾ ಬರೆದರೆ, ಆ ದೋಷಕ್ಕೆ ಯೂಸ್ ಆಫ್ಟರ್ ಫ್ರೀ ಎಂದು ಹೆಸರು. ಲಿನಕ್ಸ್ ಕರ್ನಲ್‌ನ ಬಗ್ ವರದಿಗಳಲ್ಲಿ ಈ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಭದ್ರತಾ ಲೋಪಗಳಲ್ಲೂ ಇದರದ್ದು ದೊಡ್ಡ ಪಾಲು.

ಕರ್ನಲ್‌ನ ಬಹುಪಾಲು ಸಿ ಭಾಷೆಯಲ್ಲಿದೆ. ಅಲ್ಲಿ ಮೆಮೊರಿ ಕೇಳಲು ಕೆಮ್ಯಾಲಕ್, ವಾಪಸ್ ಕೊಡಲು ಕೆಫ್ರೀ. ಕೆಫ್ರೀ ಕರೆದಾಗ ಮೆಮೊರಿ ಹೋಗುತ್ತದೆ, ವಿಳಾಸ ಹಿಡಿದಿಡುವ ವೇರಿಯಬಲ್, ಅಂದರೆ ಪಾಯಿಂಟರ್‌ನೊಳಗಿನ ವಿಳಾಸ ಮಾತ್ರ ಹಾಗೇ ಉಳಿಯುತ್ತದೆ. ಆ ವಿಳಾಸ ಈಗ ಯಾರದು ಎಂದು ಭಾಷೆ ಕೇಳುವುದಿಲ್ಲ, ಪ್ರೊಸೆಸರ್ ಕೂಡ ಕೇಳುವುದಿಲ್ಲ. ಹಾಗಿದ್ದರೆ ಕೆಫ್ರೀ ಮಾಡಿದ ಕೂಡಲೇ ಪಾಯಿಂಟರ್‌ಗೆ ನಲ್, ಅಂದರೆ ಯಾವ ಜಾಗವನ್ನೂ ತೋರದ ಬೆಲೆ, ಹಾಕಿಬಿಟ್ಟರೆ ಆಯ್ತಲ್ವಾ ಅನ್ನಿಸಬಹುದು. ಆಗುವುದಿಲ್ಲ. ಅದೇ ವಿಳಾಸದ ಇನ್ನೊಂದು ಪ್ರತಿ ಯಾವುದೋ ಪಟ್ಟಿಯಲ್ಲಿರುತ್ತದೆ, ಮತ್ತೊಂದು ಟೈಮರ್‌ನಲ್ಲಿರುತ್ತದೆ, ಮಗದೊಂದು ಬೇರೆ ಸಿಪಿಯುನ ರಿಜಿಸ್ಟರ್‌ನಲ್ಲಿ ಆಗಲೇ ಕೂತಿರುತ್ತದೆ. ನಾವು ನಲ್ ಮಾಡಿದ್ದು ನಮ್ಮ ಕೈಯಲ್ಲಿದ್ದ ಒಂದನ್ನು ಮಾತ್ರ.

ಸಾಮಾನ್ಯ ಪ್ರೋಗ್ರಾಮ್‌ನಲ್ಲಿ ಇಂಥ ತಪ್ಪಾದರೆ ಸಾಮಾನ್ಯವಾಗಿ ಆ ಪ್ರೋಗ್ರಾಮ್ ಮಾತ್ರ ಬೀಳುತ್ತದೆ, ಅದರ ಮೆಮೊರಿಯನ್ನು ಕರ್ನಲ್ ಗುಡಿಸಿ ತೆಗೆಯುತ್ತದೆ. ಕರ್ನಲ್‌ಗೆ ಹಾಗೆ ಗುಡಿಸುವವರು ಯಾರೂ ಇಲ್ಲ. ಫೈಲ್ ಸಿಸ್ಟಮ್, ನೆಟ್‌ವರ್ಕ್, ಡ್ರೈವರ್ ಎಲ್ಲವೂ ಒಂದೇ ವಿಳಾಸ ವ್ಯಾಪ್ತಿಯಲ್ಲಿ ಬದುಕುತ್ತವೆ. ಮೌಸ್ ಡ್ರೈವರ್‌ನ ತಪ್ಪು ಬರವಣಿಗೆ ಡಿಸ್ಕ್‌ಗೆ ಹೋಗಬೇಕಾದ ದತ್ತಾಂಶವನ್ನು ಕೆಡಿಸಬಹುದು.

ಕ್ರ್ಯಾಶ್ ಆದರೆ ಅದು ಒಳ್ಳೆಯ ಸುದ್ದಿ. ಆಗದಿದ್ದರೇ ಕಷ್ಟ. ಇದು ಯಾಕೆ ಎಂದು ತಿಳಿಯಲು ಮೆಮೊರಿ ಹಂಚುವ ಅಲೊಕೇಟರ್ ಒಳಗೆ ಸ್ವಲ್ಪ ಇಣುಕಬೇಕು. ಸಣ್ಣ ಸಣ್ಣ ಬೇಡಿಕೆಗಳಿಗೆ ಕರ್ನಲ್ ಸ್ಲ್ಯಾಬ್ ಎಂಬ ವಿಧಾನ ಬಳಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜೆಫ್ ಬಾನ್ವಿಕ್ ಸೊಲಾರಿಸ್‌ಗಾಗಿ ಮಾಡಿ, 1994ರಲ್ಲಿ ವಿವರಿಸಿದ ವಿಧಾನ ಅದು. ಲಿನಕ್ಸ್‌ನಲ್ಲಿ ಇದರ ಮೂರು ರೂಪಗಳಿದ್ದವು. ಸ್ಲಾಬ್ (SLOB) ಕರ್ನಲ್‌ನ 6.4 ಆವೃತ್ತಿಯಲ್ಲಿ, ಹಳೆಯ ಸ್ಲ್ಯಾಬ್ (SLAB) 6.8ರಲ್ಲಿ ಹೊರಬಿದ್ದವು. ಈಗ ಉಳಿದಿರುವುದು ಸ್ಲಬ್ (SLUB) ಒಂದೇ. ಅದು ಪುಟಗಳನ್ನು ತಂದು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸುತ್ತದೆ. ಎಕ್ಸ್86ನಲ್ಲಿ ಒಂದು ಪುಟ ಅಂದರೆ 4096 ಬೈಟ್. ನೀವು 100 ಬೈಟ್ ಕೇಳಿದರೆ 128 ಬೈಟ್‌ನ ತುಂಡು ಸಿಗುತ್ತದೆ. ವಾಪಸ್ ಕೊಟ್ಟ ತುಂಡು ಖಾಲಿ ಪಟ್ಟಿಯ ತಲೆಯಲ್ಲಿ ಕೂರುತ್ತದೆ. ಅದೇ ಸಿಪಿಯುನಲ್ಲಿ ಅದೇ ಅಳತೆ ಕೇಳಿಕೊಂಡು ಮುಂದೆ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಅದೇ ತುಂಡು. ಅದು ಈಗಷ್ಟೇ ಬಳಸಿದ್ದು, ಇನ್ನೂ ಪ್ರೊಸೆಸರ್‌ನ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲೇ ಇರುತ್ತದೆ. ವೇಗದ ದೃಷ್ಟಿಯಿಂದ ಇದು ತುಂಬ ಒಳ್ಳೆಯ ಯೋಚನೆ.

ಈಗ ಒಂದು ಡ್ರೈವರ್ ತನ್ನ 128 ಬೈಟ್ ಬಿಟ್ಟುಕೊಟ್ಟಿತು ಅಂದುಕೊಳ್ಳಿ. ಮರುಕ್ಷಣ ನೆಟ್‌ವರ್ಕ್ ಭಾಗ ಅದನ್ನೇ ಪಡೆಯಿತು. ಹಳೆಯ ಪಾಯಿಂಟರ್ ಇಟ್ಟುಕೊಂಡಿದ್ದ ಡ್ರೈವರ್ 40ನೇ ಬೈಟ್‌ಗೆ ಸೊನ್ನೆ ಬರೆಯಿತು. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ನೆಟ್‌ವರ್ಕ್ ಭಾಗ ಅಲ್ಲಿದ್ದ ತನ್ನ ಪಾಯಿಂಟರ್ ಓದಲು ಹೋಗಿ ಬೀಳುತ್ತದೆ. ವರದಿ ನೆಟ್‌ವರ್ಕ್‌ನವರಿಗೆ ಹೋಗುತ್ತದೆ. ಅವರು ತಮ್ಮ ಕೋಡ್ ಎಷ್ಟು ಜಾಲಾಡಿದರೂ ತಪ್ಪು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ತಪ್ಪೇ ಇಲ್ಲ. ಇನ್ನೂ ವಿಚಿತ್ರ ಒಂದಿದೆ. ಮುಂದಿನ ಖಾಲಿ ತುಂಡಿನ ವಿಳಾಸವನ್ನು ಸ್ಲಬ್ ಖಾಲಿ ತುಂಡಿನ ಒಳಗೇ ಬರೆದಿಟ್ಟುಕೊಳ್ಳುತ್ತದೆ. ಡ್ರೈವರ್ ತಪ್ಪಾಗಿ ಬರೆದದ್ದು ಅದರ ಮೇಲೆ ಬಿದ್ದರೆ, ಕ್ರ್ಯಾಶ್ ಆಗುವುದು ಮುಂದೆ ಯಾರೋ ಪಾಪ ಸುಮ್ನೆ ಕೆಮ್ಯಾಲಕ್ ಕರೆದಾಗ, ಅಲೊಕೇಟರ್‌ನ ಹೊಟ್ಟೆಯೊಳಗೆ.

ದಾಳಿಕೋರರಿಗೂ ಬೇಕಾದ್ದು ಇದೇ. ಖಾಲಿಯಾದ ಜಾಗಕ್ಕೆ ತಮಗೆ ಬೇಕಾದ ಬೈಟ್‌ಗಳನ್ನು ತುಂಬಿಸುತ್ತಾರೆ. ಹಳೆಯ ಪಾಯಿಂಟರ್ ಅಲ್ಲಿದ್ದ ಫಂಕ್ಷನ್ ವಿಳಾಸವನ್ನು ನಂಬಿ ಹಾರಿದರೆ, ಸಾಮಾನ್ಯ ಬಳಕೆದಾರನಾಗಿ ಬಂದವನು ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರ ಇರುವ ಬಳಕೆದಾರ, ಆಗಿಬಿಡುತ್ತಾನೆ.

ಇಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಮಾತು ಹೇಳಿಬಿಡುತ್ತೇನೆ. ಕ್ರ್ಯಾಶ್ ಆದ ಸಾಲಿನಲ್ಲಿ ತಿದ್ದಲು ಹೊರಟರೆ ಈ ಬಗ್ ಸರಿಹೋಗುವುದಿಲ್ಲ. ಈ ಮೆಮೊರಿಯನ್ನು ಯಾರ್ಯಾರು ಹಿಡಿದುಕೊಂಡಿದ್ದಾರೆ, ಅವರಲ್ಲಿ ಕೊನೆಯವರು ಯಾರು, ಆ ಕೊನೆಯವರು ಕೈಬಿಟ್ಟದ್ದು ನಮಗೆ ಹೇಗೆ ಗೊತ್ತಾಗುತ್ತದೆ? ಈ ಮೂರಕ್ಕೆ ಉತ್ತರ ಕೊಡದ ಪ್ಯಾಚ್ (ಕೋಡ್‌ನ ತಿದ್ದುಪಡಿ) ಬಗ್ ಅನ್ನು ಮುಚ್ಚಿಡುತ್ತದೆ ಅಷ್ಟೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಯುಎಸ್‌ಬಿ ಸಾಧನವೊಂದರ ಡ್ರೈವರ್. ಸಾಧನ ಚುಚ್ಚಿದಾಗ ಒಂದು ಸ್ಟ್ರಕ್ಚರ್ ಅಲೊಕೇಟ್ ಮಾಡುತ್ತದೆ, ಅದರೊಳಗೆ ಸೆಕೆಂಡಿಗೊಮ್ಮೆ ಸಾಧನದ ಸ್ಥಿತಿ ನೋಡುವ ಟೈಮರ್ ಇಡುತ್ತದೆ. ಸಾಧನ ಕಿತ್ತಾಗ ಸ್ಟ್ರಕ್ಚರ್‌ಗೆ ಕೆಫ್ರೀ. ಬಗ್ ಕಾಣುತ್ತಿದೆ ಅಲ್ವಾ? ಟೈಮರ್ ಇನ್ನೂ ಬಾಕಿ ಇದೆ. ಅದು ಹೊಡೆದಾಗ ಅದರ ಮನೆಯೇ ಇರುವುದಿಲ್ಲ.

ಮೊದಲು ಹೊಳೆಯುವ ಪರಿಹಾರ, ಕೆಫ್ರೀಗೆ ಮುಂಚೆ ಟೈಮರ್ ಅನ್ನು ಸಾಲಿನಿಂದ ತೆಗೆದುಹಾಕುವುದು. ಸಾಲದು. ಬಾಕಿ ಇರುವ ಟೈಮರ್ ರದ್ದಾಗುತ್ತದೆ ನಿಜ. ಆದರೆ ಅದರ ಫಂಕ್ಷನ್ ಆ ಹೊತ್ತಿಗಾಗಲೇ ಇನ್ನೊಂದು ಸಿಪಿಯುನಲ್ಲಿ ಓಡುತ್ತಿದ್ದರೆ? ಅದಕ್ಕಾಗಿ ಕಾಯುವ ಬೇರೆ ಕರೆ ಇದೆ, ಹೆಸರಿನ ಕೊನೆಗೆ ಸಿಂಕ್ ಎಂದಿರುತ್ತದೆ. ಓಡುತ್ತಿರುವುದು ಮುಗಿಯುವ ತನಕ ಅದು ಹಿಂದಿರುಗುವುದಿಲ್ಲ. ಇಲ್ಲೂ ಒಂದು ಮುಳ್ಳಿದೆ. ಟೈಮರ್ ಫಂಕ್ಷನ್‌ಗೆ ಬೇಕಾದ ಲಾಕ್ ಅನ್ನು, ಅಂದರೆ ಒಬ್ಬರು ಹಿಡಿದಾಗ ಉಳಿದವರು ಕಾಯಬೇಕಾದ ಬೀಗವನ್ನು, ಹಿಡಿದುಕೊಂಡೇ ಈ ಸಿಂಕ್ ಕರೆ ಮಾಡಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುತ್ತಾರೆ, ಡೆಡ್‌ಲಾಕ್. ಮುಂದಿನ ಪ್ರಶ್ನೆ, ಸಾಧನದ ಇಂಟರಪ್ಟ್ (ಸಾಧನ ಸಿಪಿಯುಗೆ ಬಾರಿಸುವ ಕರೆಗಂಟೆ) ಏನಾದರೂ ಟೈಮರ್ ಅನ್ನು ಮತ್ತೆ ಹಚ್ಚುತ್ತದೆಯೇ? ಹಚ್ಚುವುದಾದರೆ ನಾವು ಕಾದು ಹೊರಬಂದ ಮೇಲೆ ಅದು ಮತ್ತೆ ಜೀವ ಪಡೆಯುತ್ತದೆ. ಟೈಮರ್ ಮತ್ತು ಇಂಟರಪ್ಟ್ ಹೀಗೆ ಒಂದನ್ನೊಂದು ಎಬ್ಬಿಸುತ್ತಿದ್ದರೆ ಯಾವ ಕ್ರಮದಲ್ಲಿ ನಿಲ್ಲಿಸಿದರೂ ಸಂದಿ ಉಳಿಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಬಂದ 6.2ರಲ್ಲಿ ಟೈಮರ್ ಶಟ್‌ಡೌನ್ ಸಿಂಕ್ ಎಂಬ ಕರೆ ಸೇರಿದ್ದು ಇದಕ್ಕಾಗಿಯೇ. ಅದು ಓಡುತ್ತಿರುವುದಕ್ಕೆ ಕಾಯುತ್ತದೆ, ಆಮೇಲೆ ಯಾರು ಹಚ್ಚಲು ಬಂದರೂ ಕಿವಿಗೊಡುವುದಿಲ್ಲ. ಒಂದು ಸಾಲಿನ ಪ್ಯಾಚ್ ಹಿಂದೆ ಇಷ್ಟೆಲ್ಲ ಯೋಚನೆ ಇರುತ್ತದೆ.

ಪಟ್ಟಿಯ ಮೇಲೆ ಲೂಪ್ ಓಡಿಸುತ್ತಾ ಒಂದೊಂದನ್ನೇ ಫ್ರೀ ಮಾಡುವಾಗಲೂ ಇದೇ ತಪ್ಪು. ಫ್ರೀ ಆದ ತುಂಡಿನೊಳಗಿಂದಲೇ ಲೂಪ್ ಮುಂದಿನದರ ವಿಳಾಸ ಓದಲು ಹೋಗುತ್ತದೆ. ಮುಂದಿನದನ್ನು ಮೊದಲೇ ತೆಗೆದಿಟ್ಟುಕೊಳ್ಳುವ ಮ್ಯಾಕ್ರೋ ಇದೆ, ಅದರ ಹೆಸರಲ್ಲಿ ಸೇಫ್ ಎಂದೂ ಇದೆ. ಆ ಹೆಸರನ್ನು ಜಾಸ್ತಿ ನಂಬಬೇಡಿ. ನೀವೇ ಅಳಿಸುವುದರಿಂದ ಮಾತ್ರ ಅದು ಕಾಪಾಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ಸಿಪಿಯು ಅಳಿಸಿದರೆ ಕಾಪಾಡಲು ಲಾಕ್ ಬೇಕು.

ಒಂದೇ ವಸ್ತುವನ್ನು ಹಲವರು ಹಿಡಿದುಕೊಂಡಿದ್ದರೆ ಎಣಿಕೆ ಇಡುತ್ತಾರೆ. ಹಿಡಿದಾಗ ಒಂದು ಕೂಡಿಸು, ಬಿಟ್ಟಾಗ ಒಂದು ಕಳೆ, ಸೊನ್ನೆಯಾದಾಗ ಫ್ರೀ ಮಾಡು. ಇದನ್ನು ರೆಫರೆನ್ಸ್ ಕೌಂಟ್ ಅನ್ನುತ್ತಾರೆ. ಕಳೆಯುವುದು ಒಂದು ಹೆಚ್ಚಾದರೆ ಯೂಸ್ ಆಫ್ಟರ್ ಫ್ರೀ ಎನ್ನುವುದು ಸ್ಪಷ್ಟ. ಕೂಡಿಸುವುದು ಹೆಚ್ಚಾದರೆ? ಮೆಮೊರಿ ಸೋರುತ್ತದೆ, ಅಷ್ಟೇ ತಾನೇ ಅನ್ನಿಸುತ್ತದೆ. 2016ರ ಜನವರಿಯಲ್ಲಿ ಬಯಲಾದ ಸಿವಿಇ-2016-0728 (ಸಿವಿಇ ಅಂದರೆ ಭದ್ರತಾ ಲೋಪಕ್ಕೆ ಕೊಡುವ ಗುರುತಿನ ಸಂಖ್ಯೆ) ಆ ಸಮಾಧಾನವನ್ನು ಅಳಿಸಿಹಾಕಿತು. ಪ್ರೊಸೆಸ್ ಒಂದು ತನ್ನ ಸೆಷನ್ ಕೀರಿಂಗ್ ಅನ್ನು (ಕರ್ನಲ್ ಕಾದಿಡುವ ಕೀಲಿಗಳ ಗೊಂಚಲು) ಬದಲಿಸಲು ಹೋಗಿ ಅದೇ ಕೀರಿಂಗ್ ಅನ್ನೇ ಮತ್ತೆ ಕೊಟ್ಟರೆ, ಒಂದು ಎಣಿಕೆ ಇಳಿಯದೆ ಉಳಿದುಬಿಡುತ್ತಿತ್ತು. ಎಣಿಕೆ ಇದ್ದದ್ದು 32 ಬಿಟ್‌ನಲ್ಲಿ. ಅದೇ ಕರೆಯನ್ನು 400 ಕೋಟಿಗೂ ಹೆಚ್ಚು ಸಲ ಮಾಡಿದರೆ ಎಣಿಕೆ ಸುತ್ತು ಹೊಡೆದು ಸೊನ್ನೆಗೆ ಬರುತ್ತಿತ್ತು, ಬಳಕೆಯಲ್ಲಿರುವ ಕೀರಿಂಗ್ ಫ್ರೀ ಆಗುತ್ತಿತ್ತು. ಸೋರಿಕೆ ಅಂದುಕೊಂಡದ್ದು ರೂಟ್‌ಗೆ ದಾರಿಯಾಯಿತು.

ಆ ಒಂದು ಜಾಗದಲ್ಲಿ ಎಣಿಕೆ ಇಳಿಸುವ ಸಾಲು ಸೇರಿಸಿದರೆ ಆ ಬಗ್ ಹೋಗುತ್ತದೆ. ಇಂಥದ್ದು ಇನ್ನೆಲ್ಲೂ ಆಗಬಾರದು ಅಂದರೆ ಎಣಿಕೆಯ ಬಗೆಯೇ ಬದಲಾಗಬೇಕು. 2017ರ 4.11ರಲ್ಲಿ ಬಂದ ರೆಫ್‌ಕೌಂಟ್ ಟಿ ಎಂಬ ಟೈಪ್ ಆ ಕೆಲಸ ಮಾಡುತ್ತದೆ. ಎಣಿಕೆ ಮಿತಿ ಮೀರಿದರೆ ಸುತ್ತು ಹೊಡೆಯದೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ, ಎಚ್ಚರಿಕೆ ಮುದ್ರಿಸುತ್ತದೆ. ಆ ವಸ್ತು ಮತ್ತೆಂದೂ ಫ್ರೀ ಆಗುವುದಿಲ್ಲ. ಅಷ್ಟು ಮೆಮೊರಿ ವ್ಯರ್ಥ. ಇರಲಿ, ಯೂಸ್ ಆಫ್ಟರ್ ಫ್ರೀಗಿಂತ ಸೋರಿಕೆ ಎಷ್ಟೋ ವಾಸಿ.

ಲಾಕ್ ಇಲ್ಲದೆ ಓದಲು ಬಿಡುವ ಆರ್‌ಸಿಯು ಎಂಬ ವಿಧಾನವೂ ಇದೆ, 2002ರಿಂದ ಕರ್ನಲ್‌ನಲ್ಲಿದೆ. ವಸ್ತುವನ್ನು ಮೊದಲು ಪಟ್ಟಿಯಿಂದ ಬಿಡಿಸುತ್ತಾರೆ. ಆಗಲೇ ಓದುತ್ತಿದ್ದವರೆಲ್ಲ ಮುಗಿಸುವವರೆಗೆ ಕಾದು, ಆಮೇಲೆ ಫ್ರೀ ಮಾಡುತ್ತಾರೆ. ಓದುವವರು ತಾವು ಓದುತ್ತಿದ್ದೇವೆ ಎಂದು ಘೋಷಿಸಿಕೊಂಡಿರಬೇಕು ಎನ್ನುವುದೊಂದೇ ಷರತ್ತು. ಆ ಷರತ್ತು ಎಲ್ಲಿ ತಪ್ಪಬಹುದು ಎಂಬುದಕ್ಕೆ 2023ರ ಸ್ಟ್ಯಾಕ್‌ರಾಟ್, ಅಂದರೆ ಸಿವಿಇ-2023-3269, ಒಳ್ಳೆಯ ಪಾಠ. ದೋಷ ಇದ್ದದ್ದು ಮೆಮೊರಿ ನಿರ್ವಹಣೆಯ ಹೃದಯದಲ್ಲೇ. ಪ್ರೊಸೆಸ್ ಒಂದರ ಮೆಮೊರಿ ವಲಯಗಳ ಲೆಕ್ಕವನ್ನು 6.1ರಿಂದ ಮೇಪಲ್ ಟ್ರೀ ಎಂಬ ಮರದಲ್ಲಿ ಇಡುತ್ತಾರೆ. ಸ್ಟ್ಯಾಕ್ (ಫಂಕ್ಷನ್ ಕರೆಗಳ ಲೆಕ್ಕವಿಡುವ ಮೆಮೊರಿ) ಬೆಳೆಯುವಾಗ ಆ ಮರವನ್ನು ತಿದ್ದಬೇಕಾಗುತ್ತದೆ. ಹಿಂದಿನಿಂದಲೂ ಆ ಕೆಲಸ ಹಲವರು ಒಟ್ಟಿಗೆ ಹಿಡಿಯಬಹುದಾದ ಓದುವ ಲಾಕ್ ಮಾತ್ರ ಹಿಡಿದು ನಡೆಯುತ್ತಿತ್ತು. ಹೊಸ ಮರದಲ್ಲಿ ತಿದ್ದುವುದು ಅಂದರೆ ಹಳೆಯ ನೋಡ್ ಬದಲಿಗೆ ಹೊಸದನ್ನು ಇಟ್ಟು, ಹಳೆಯದನ್ನು ಆರ್‌ಸಿಯು ಮೂಲಕ ಫ್ರೀ ಮಾಡುವುದು. ಅದೇ ಓದುವ ಲಾಕ್ ಹಿಡಿದ ಇನ್ನೊಬ್ಬರು ಆರ್‌ಸಿಯು ಓದುಗರಾಗಿ ಘೋಷಿಸಿಕೊಂಡಿರಲಿಲ್ಲ. ಅವರು ಹಳೆಯ ನೋಡ್ ಓದುತ್ತಿದ್ದಾಗಲೇ ಅದು ಫ್ರೀ ಆಗಬಹುದಿತ್ತು.

ಓದುವ ಕಡೆ ಇನ್ನೊಂದು ಘೋಷಣೆ ಸೇರಿಸಿ ಇದನ್ನು ಮುಗಿಸಲು ಹೋಗಲಿಲ್ಲ. ಸ್ಟ್ಯಾಕ್ ಬೆಳೆಸುವವರು ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬರೆಯುವ ಲಾಕ್ ಹಿಡಿಯಲೇಬೇಕು ಎಂದು ಮೂಲ ನಿಯಮವನ್ನೇ ಬದಲಿಸಿದರು. ಅದಕ್ಕಾಗಿ ಹಲವು ಆರ್ಕಿಟೆಕ್ಚರ್‌ಗಳ ಪೇಜ್ ಫಾಲ್ಟ್ ಕೋಡ್, ಅಂದರೆ ಇನ್ನೂ ಸಿದ್ಧವಿಲ್ಲದ ಪುಟ ಮುಟ್ಟಿದಾಗ ಓಡುವ ಕೋಡ್, ಮುಟ್ಟಬೇಕಾಯಿತು. ಪರಿಹಾರ 6.4.1, 6.3.11 ಮತ್ತು 6.1.37ರಲ್ಲಿ ಬಂತು. ನನಗೆ ಇದು ಮಾದರಿ ತಿದ್ದುಪಡಿ ಅನ್ನಿಸುತ್ತದೆ. ಹೆಚ್ಚು ಕೆಲಸ ನಿಜ, ಆದರೆ ತಿದ್ದುವವನು ಬರೆಯುವ ಲಾಕ್ ಹಿಡಿದಿರಬೇಕು ಎನ್ನುವ ನಿಯಮವನ್ನು ಕೋಡ್ ಓದುವ ಯಾರು ಬೇಕಾದರೂ ನೆನಪಿಟ್ಟುಕೊಳ್ಳಬಹುದು.

ಹಿಡಿಯುವುದು ಹೇಗೆ? ಹಳೆಯ ಉಪಾಯ ವಿಷ ಹಾಕುವುದು. ಸ್ಲಬ್‌ನ ಡೀಬಗ್ ಆಯ್ಕೆ ಹಚ್ಚಿದರೆ ಫ್ರೀ ಆದ ತುಂಡಿನ ತುಂಬ ಹೆಕ್ಸ್‌ನಲ್ಲಿ 6ಬಿ ಎಂಬ ಬೈಟ್ ಬರೆಯುತ್ತದೆ. ಕ್ರ್ಯಾಶ್ ವರದಿಯ ರಿಜಿಸ್ಟರ್‌ಗಳಲ್ಲಿ 6ಬಿ6ಬಿ6ಬಿ6ಬಿ ಎಂದು ಸಾಲಾಗಿ ಕಂಡರೆ ಅನುಭವಿಗಳು ಬೇರೇನೂ ನೋಡದೆ ಯೂಸ್ ಆಫ್ಟರ್ ಫ್ರೀ ಅನ್ನುತ್ತಾರೆ.

ನಿಜವಾದ ಬದಲಾವಣೆ ತಂದದ್ದು 2015ರಲ್ಲಿ, 4.0ರಲ್ಲಿ ಸೇರಿದ ಕೆಸ್ಯಾನ್, ಅಂದರೆ ಕರ್ನಲ್ ಅಡ್ರೆಸ್ ಸ್ಯಾನಿಟೈಸರ್. ಅದರ ಸಾಮಾನ್ಯ ರೂಪ ಮೆಮೊರಿಯ ಪ್ರತಿ 8 ಬೈಟ್‌ಗೆ ಒಂದು ನೆರಳು ಬೈಟ್ ಇಡುತ್ತದೆ. ನೆರಳು ಸೊನ್ನೆ ಇದ್ದರೆ ಎಂಟೂ ಬೈಟ್ ಮುಟ್ಟಬಹುದು. ಫ್ರೀ ಆದಾಗ ಅಲ್ಲಿ ಮುಟ್ಟಬಾರದು ಎಂಬ ಗುರುತು ಬೀಳುತ್ತದೆ. ಪ್ರತಿ ಓದು, ಪ್ರತಿ ಬರಹಕ್ಕೂ ಮುನ್ನ ನೆರಳು ನೋಡುವ ಕೋಡ್ ಅನ್ನು ಕಂಪೈಲರ್ ಸೇರಿಸುತ್ತದೆ. ಫ್ರೀ ಆದ ತುಂಡನ್ನು ತಕ್ಷಣ ಬೇರೆಯವರಿಗೆ ಕೊಡದೆ ಸ್ವಲ್ಪ ಕಾಲ ಕ್ವಾರಂಟೈನ್‌ನಲ್ಲೂ ಇಡುತ್ತದೆ. ಹೀಗಾಗಿ ಹಳೆಯ ಪಾಯಿಂಟರ್ ಬಂದು ಮುಟ್ಟಿದ ಕ್ಷಣವೇ ಸಿಕ್ಕಿಬೀಳುತ್ತದೆ. ಕರ್ನಲ್ ಬಹಳ ನಿಧಾನವಾಗುವುದರಿಂದ ಇದು ಪರೀಕ್ಷೆಗೆ ಮಾತ್ರ. ನಿಜವಾದ ಸರ್ವರ್‌ಗಳಿಗಾಗಿ 2021ರ 5.12ರಲ್ಲಿ ಕೆಫೆನ್ಸ್ ಬಂತು. ಅದು ಮಾಮೂಲಾಗಿ 100 ಮಿಲಿಸೆಕೆಂಡಿಗೊಮ್ಮೆ ಯಾವುದೋ ಒಂದು ಬೇಡಿಕೆಯನ್ನು ಆರಿಸಿ, ಮುಟ್ಟಿದ ಕೂಡಲೇ ಸಿಕ್ಕಿಬೀಳುವ ಕಾವಲು ಪುಟಗಳ ನಡುವೆ ಇಡುತ್ತದೆ. ಒಂದು ಯಂತ್ರದಲ್ಲಿ ಸಿಗುವುದು ಕಡಿಮೆ, ಸಾವಿರಾರು ಯಂತ್ರಗಳಲ್ಲಿ ಓಡಿದರೆ ಸಿಕ್ಕೇ ಸಿಗುತ್ತದೆ.

ಕೆಸ್ಯಾನ್ ವರದಿಯಲ್ಲಿ ಮೂರು ಸ್ಟ್ಯಾಕ್ ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಜಾಡು, ಇರುತ್ತವೆ. ಈಗ ಮುಟ್ಟಿದವರು, ಮೊದಲು ಪಡೆದವರು, ಫ್ರೀ ಮಾಡಿದವರು. ಹೊಸಬರು ಮೊದಲನೆಯದನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ನನ್ನ ಸಲಹೆ, ಮೂರನೆಯದರಿಂದ ಶುರು ಮಾಡಿ. ಫ್ರೀ ಮಾಡಿದವರಿಗೆ ಆ ಹಕ್ಕು ಇತ್ತೇ? ತಾನೇ ಕೊನೆಯವನು ಎಂದು ಅವರು ಯಾವುದರ ಆಧಾರದ ಮೇಲೆ ನಂಬಿದರು? ಆಮೇಲೆ ಮೊದಲನೆಯದಕ್ಕೆ ಬನ್ನಿ. ಮುಟ್ಟಿದವರ ಬಳಿ ಲಾಕ್ ಇತ್ತೇ, ಎಣಿಕೆ ಇತ್ತೇ, ಏನೂ ಇಲ್ಲದೆ ಬರೀ ನಂಬಿಕೆ ಇತ್ತೇ? ಎರಡು ಉತ್ತರಗಳು ಎಲ್ಲಿ ಹೊಂದುವುದಿಲ್ಲವೋ ಬಗ್ ಅಲ್ಲಿದೆ.

ಎರಡು ಕೆಟ್ಟ ಪರಿಹಾರಗಳನ್ನು ಕಂಡ ಕೂಡಲೇ ತಡೆಯಬೇಕು. ಒಂದು, ಮುಟ್ಟುವ ಮುನ್ನ ನಲ್ ಇದೆಯೇ ಎಂಬ ಪರೀಕ್ಷೆ. ಪರೀಕ್ಷೆಗೂ ಬಳಕೆಗೂ ನಡುವೆ ಇನ್ನೊಂದು ಸಿಪಿಯು ಫ್ರೀ ಮಾಡಲು ಬೇಕಾದಷ್ಟು ಸಮಯವಿದೆ. ಕ್ರ್ಯಾಶ್ ಅಪರೂಪವಾಗುತ್ತದೆ, ಅಂದರೆ ಹಿಡಿಯುವುದು ಇನ್ನೂ ಕಷ್ಟವಾಗುತ್ತದೆ. ಇನ್ನೊಂದು, ಕೆಫ್ರೀ ಸಾಲನ್ನೇ ಕಿತ್ತುಹಾಕುವುದು. ವರದಿ ನಿಲ್ಲುತ್ತದೆ, ಸೋರಿಕೆ ಶುರುವಾಗುತ್ತದೆ.

ಪ್ಯಾಚ್ ಕಳಿಸುವಾಗ ಕೋಡ್‌ನಷ್ಟೇ ವಿವರಣೆಯೂ ಮುಖ್ಯ. ಎರಡು ಸಿಪಿಯುಗಳ ಹೆಜ್ಜೆಗಳನ್ನು ಅಕ್ಕಪಕ್ಕ ಬರೆದು, ಯಾವ ಕ್ರಮದಲ್ಲಿ ನಡೆದರೆ ಬಗ್ ಬರುತ್ತದೆ ಎಂದು ತೋರಿಸುವುದು ರೂಢಿ. ಓದುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಬಗ್ ತಂದ ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಯಾವುದೆಂದು ಫಿಕ್ಸಸ್ ಎಂಬ ಸಾಲಿನಲ್ಲಿ, ಅದರ ಗುರುತಿನ ಕನಿಷ್ಠ ಮೊದಲ 12 ಅಕ್ಷರಗಳೊಂದಿಗೆ ಬರೆಯಬೇಕು. ಯಾವ ಯಾವ ಹಳೆಯ ಆವೃತ್ತಿಗಳಿಗೆ ಪರಿಹಾರ ಹೋಗಬೇಕು ಎಂದು ಸ್ಟೇಬಲ್ ತಂಡದವರು ಅದನ್ನು ನೋಡಿಯೇ ಲೆಕ್ಕ ಹಾಕುತ್ತಾರೆ. ಹಳೆಯ ಆವೃತ್ತಿಯಲ್ಲಿ ಲಾಕ್ ಬೇರೆ ಇರಬಹುದು, ಹೊಸ ಕರೆಯೇ ಇಲ್ಲದಿರಬಹುದು. ಅಂಥ ಕಡೆ ಪ್ಯಾಚ್ ತಕರಾರಿಲ್ಲದೆ ಅಂಟಿಕೊಂಡಿತು ಎಂದು ಬಿಟ್ಟುಬಿಡಬಾರದು. ಆ ಆವೃತ್ತಿಯ ಕೋಡ್ ತೆರೆದು, ಕೊನೆಯವರು ಯಾರು ಎಂಬ ಪ್ರಶ್ನೆಗೆ ಅಲ್ಲಿಯೂ ಉತ್ತರ ಹುಡುಕಿ, ಬೇಕಿದ್ದರೆ ಅದಕ್ಕೆಂದೇ ಬೇರೆ ಪ್ಯಾಚ್ ಬರೆಯಬೇಕು.