ಸಮಾಜ ಬದಲಾದರೆ ಕ್ರೈಸ್ತರ ಮೌಲ್ಯಗಳೂ ಬದಲಾಗಬೇಕಾ?

ಓದುಗರ ಪ್ರಶ್ನೆ: ನಾನು ಕ್ರೈಸ್ತ ವಿಶ್ವಾಸದಲ್ಲೇ ಬೆಳೆದವಳು. ಈಗ ನನ್ನ ಸುತ್ತ ಇರುವವರಲ್ಲಿ ಬಹಳ ಜನ ಯಾವ ಧರ್ಮವನ್ನೂ ಪಾಲಿಸುವುದಿಲ್ಲ. ಮದುವೆ, ದುಡ್ಡು, ಹುಟ್ಟು, ಸಾವು ಎಲ್ಲದರಲ್ಲೂ ಅವರ ಯೋಚನೆಯೇ ಬೇರೆ. ಕಾನೂನೂ ಅದೇ ದಾರಿ ಹಿಡಿದಿದೆ. ನಂಬಿಕೆ ಬಿಟ್ಟುಕೊಡದೆ, ಇವರ ಜೊತೆ ಜಗಳವನ್ನೂ ಆಡದೆ ಬದುಕುವುದು ಹೇಗೆ? ಕಾಲಕ್ಕೆ ತಕ್ಕ ಹಾಗೆ ನಾವೂ ಬದಲಾಗಬೇಕಾ?

ಉತ್ತರ: ಬೇರೆ ಬೇರೆ ಮಾತುಗಳಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರ ದನಿಯಲ್ಲಿ ಭಯ ಇರುತ್ತದೆ, ಕೆಲವೊಮ್ಮೆ ಸಿಟ್ಟೂ ಇರುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನೀವು ನಂಬಿಕೆ ಬಿಡಬೇಕಾಗಿಲ್ಲ, ಜಗಳಕ್ಕೂ ಇಳಿಯಬೇಕಾಗಿಲ್ಲ. ಆದರೆ ಯಾರು ಯಾರಿಗೆ ಲೆಕ್ಕ ಒಪ್ಪಿಸಬೇಕು ಅನ್ನುವುದು ನಮ್ಮ ತಲೆಯಲ್ಲಿ ಸ್ಪಷ್ಟವಾಗಿರಬೇಕು. ಕ್ರಿಸ್ತನ ಬೋಧನೆಯ ಭಾರ ಮೊದಲು ಬೀಳುವುದು ಆತನನ್ನು ಹಿಂಬಾಲಿಸುತ್ತೇವೆ ಅಂದವರ ಹೆಗಲ ಮೇಲೆ. ಪಕ್ಕದ ಮನೆಯವರ ಮೇಲಲ್ಲ.

ಇದು ನನ್ನ ಮಾತಲ್ಲ, ಊರೂರಿನ ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನದು. ಕೊರಿಂಥ ಆಗಿನ ಕಾಲಕ್ಕೆ ದೊಡ್ಡ ವ್ಯಾಪಾರದ ಊರು, ಹಲವು ದೇವರುಗಳ ಗುಡಿಗಳಿದ್ದ ಊರು. ಅಲ್ಲಿನ ಸಭೆಯಲ್ಲೇ ಒಬ್ಬ ತನ್ನ ತಂದೆಯ ಹೆಂಡತಿಯ ಜೊತೆ ಸಂಸಾರ ಮಾಡಿಕೊಂಡಿದ್ದ. ಸಭೆ ಸುಮ್ಮನಿತ್ತು. ಪೌಲ ಕೆಂಡವಾದದ್ದು ಆ ಸಭೆಯ ಮೇಲೆ. ಊರಿನ ಮೇಲೆ ಅವನಿಗೆ ಅಂಥ ಸಿಟ್ಟಿಲ್ಲ. ಈ ಲೋಕದ ಜಾರರ, ಲೋಭಿಗಳ ಸಹವಾಸವನ್ನೇ ಬಿಡಿ ಅಂತ ನಾನು ಹೇಳಲಿಲ್ಲ, ಹಾಗೆ ಮಾಡಬೇಕಾದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾದೀತು ಅನ್ನುತ್ತಾನೆ. ಹೊರಗಿನವರ ಬಗ್ಗೆ ತೀರ್ಪು ಮಾಡುವುದು ನನ್ನ ಕೆಲಸವಲ್ಲ, ಅದನ್ನು ದೇವರು ನೋಡಿಕೊಳ್ಳುತ್ತಾನೆ ಅಂತಲೂ ಬರೆಯುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಐದನೇ ಅಧ್ಯಾಯ. ಇವತ್ತೇ ಒಮ್ಮೆ ತೆಗೆದು ಓದಿ.

ನಾವು ಎಷ್ಟೋ ಸಲ ಇದನ್ನು ತಲೆಕೆಳಗು ಮಾಡಿದ್ದೇವೆ. ಹೊರಗಿನವರ ಬದುಕಿನ ಮೇಲೆ ಗಟ್ಟಿ ದನಿಯಲ್ಲಿ ಉಪದೇಶ, ಒಳಗಿನ ತಪ್ಪಿಗೆ ಮೌನ. ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು ಸಭೆಯ ಹಿರಿಯರೇ ಮುಚ್ಚಿಟ್ಟ ಸಂಗತಿ ಹಲವು ದೇಶಗಳಲ್ಲಿ ಬಯಲಾಗಿದೆ. ನಮ್ಮ ನೈತಿಕ ಮಾತಿಗೆ ಬೆಲೆ ಕಡಿಮೆಯಾಗಿದ್ದಕ್ಕೆ ಹೊಸ ಕಾನೂನುಗಳಿಗಿಂತ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಬೆರೆತುಹೋಗಿವೆ. ಸರ್ಕಾರ ಯಾವ ಧರ್ಮದ ಪಕ್ಷವನ್ನೂ ವಹಿಸದಿರುವುದು ಒಂದು. ಜನ ತಾವಾಗಿಯೇ ನಂಬಿಕೆಯಿಂದ ದೂರ ಸರಿಯುವುದು ಇನ್ನೊಂದು. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಅದನ್ನು ಕೇಳಿದವರಲ್ಲಿ ಕ್ರೈಸ್ತರೇ ಇದ್ದರು. ಧರ್ಮವನ್ನು ಬಲವಂತದಿಂದ ಹೇರುವುದು ಧರ್ಮದ ಕೆಲಸವಲ್ಲ ಅಂತ ಮೂರನೇ ಶತಮಾನದ ಆರಂಭದಲ್ಲೇ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ ಬರೆದ. ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ ಗಡಿಪಾರಾದ ಪಾದ್ರಿ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ. ಮನಸ್ಸಾಕ್ಷಿಯ ವಿಷಯಕ್ಕೆ ಅಲ್ಲಿನ ಆಡಳಿತ ಕೈಹಾಕುವಂತಿರಲಿಲ್ಲ. ಕ್ಯಾಥೊಲಿಕ್ ಸಭೆ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರ ಡಿಸೆಂಬರ್‌ನಲ್ಲಿ, ಧಾರ್ಮಿಕ ಸ್ವಾತಂತ್ರ್ಯ ಪ್ರತಿ ಮನುಷ್ಯನ ಹಕ್ಕು ಅಂತ ಘೋಷಿಸಿತು. ಒತ್ತಾಯಕ್ಕೆ ಮಾಡಿದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ, ಅಲ್ವಾ?

ಎರಡನೆಯದು ನೋವು ಕೊಡುವ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ತಾವು ಕ್ರೈಸ್ತರು ಅಂದವರು 2011ರಲ್ಲಿ ಶೇ. 59.3 ಇದ್ದರು, 2021ರಲ್ಲಿ ಶೇ. 46.2ಕ್ಕೆ ಇಳಿದರು. ಖಾಲಿ ಬೆಂಚುಗಳನ್ನು ನೋಡಿ ಮನಸ್ಸು ಕುಗ್ಗುವುದು ಸಹಜ. ಆದರೂ ನಮ್ಮ ಹಿರಿಯರು ಮೊದಲ ಮುನ್ನೂರು ವರ್ಷ ಬದುಕಿದ್ದು ಹೀಗೇ, ಅಲ್ಪಸಂಖ್ಯಾತರಾಗಿ, ಕಾನೂನಿನ ಬೆಂಬಲ ಇಲ್ಲದೆ.

ಅವರು ಹೇಗಿದ್ದರು ಅನ್ನುವುದಕ್ಕೆ ಅವರನ್ನು ಮೆಚ್ಚದವನೊಬ್ಬನ ಸಾಕ್ಷಿಯೇ ಇದೆ. ಕ್ರಿ.ಶ. 112ರ ಸುಮಾರಿಗೆ ಪ್ಲೀನಿ ಅನ್ನುವ ರೋಮನ್ ಅಧಿಕಾರಿ ಬಿಥೂನ್ಯದಿಂದ (ಈಗಿನ ಟರ್ಕಿಯ ಒಂದು ಭಾಗ) ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಕ್ರೈಸ್ತರನ್ನು ಹಿಡಿದು ತಂದು ವಿಚಾರಣೆ ಮಾಡಿದ್ದ. ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರಿಗೆ ಹಿಂಸೆ ಕೊಟ್ಟು ಬಾಯಿ ಬಿಡಿಸಲು ನೋಡಿದ. ಕೊನೆಗೆ ಅವನಿಗೆ ತಿಳಿದದ್ದಿಷ್ಟು. ಇವರು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರುತ್ತಾರೆ. ಕ್ರಿಸ್ತನನ್ನು ದೇವರೆಂದು ಹಾಡಿ ಹೊಗಳುತ್ತಾರೆ. ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಯಾರಾದರೂ ನಂಬಿ ಇಟ್ಟ ದುಡ್ಡನ್ನು ಕೇಳಿದಾಗ ಇಲ್ಲ ಅನ್ನುವುದಿಲ್ಲ ಅಂತ ಆಣೆ ಮಾಡುತ್ತಾರೆ.

ಆ ಕೊನೆಯದನ್ನು ಗಮನಿಸಿ. ಇಟ್ಟ ದುಡ್ಡು ವಾಪಸ್ ಕೊಡುವುದು. ಎಷ್ಟು ದಿನನಿತ್ಯದ ವಿಷಯ! ಅವರು ರೋಮಿನ ಕಾನೂನು ಬದಲಿಸಲು ಹೊರಟವರಲ್ಲ, ಆ ಶಕ್ತಿಯೂ ಅವರಿಗಿರಲಿಲ್ಲ. ಬೇಡವಾದ ಕೂಸನ್ನು ಹೊರಗೆ ಬಿಟ್ಟುಬರುವುದು ಆ ಕಾಲದಲ್ಲಿ ನಡೆಯುತ್ತಿತ್ತು, ಕಾನೂನು ತಡೆಯುತ್ತಿರಲಿಲ್ಲ. ಕ್ರೈಸ್ತರು ಹಾಗೆ ಮಾಡುತ್ತಿರಲಿಲ್ಲ. 360ರ ದಶಕದಲ್ಲಿ ಹಳೆಯ ದೇವರುಗಳ ಪೂಜೆಯನ್ನು ಮತ್ತೆ ತರಲು ಹೊರಟ ಚಕ್ರವರ್ತಿ ಜೂಲಿಯನ್, ಈ ಗಲಿಲಾಯದವರು (ಅಂದರೆ ಕ್ರೈಸ್ತರು) ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಾರೆ, ಇದು ನಮಗೆ ನಾಚಿಕೆಗೇಡು ಅಂತ ತನ್ನ ಪೂಜಾರಿಗೆ ಬರೆಯಬೇಕಾಯಿತು.

ಈಗ ಬದಲಾಗುವ ಮಾತಿಗೆ ಬರೋಣ. ಸಭೆ ಎಂದೂ ಬದಲಾಗಿಲ್ಲ ಅನ್ನುವವರು ಚರಿತ್ರೆ ನೋಡಬೇಕು. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಅಪೊಸ್ತಲರು ಕೂತು ಚರ್ಚೆ ಮಾಡಿ, ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕಾಗಿಲ್ಲ ಅಂತ ತೀರ್ಮಾನಿಸಿದರು. ಅದೇ ಉಸಿರಿನಲ್ಲಿ ವಿಗ್ರಹಕ್ಕೆ ಅರ್ಪಿಸಿದ್ದು, ಜಾರತ್ವ ಇವುಗಳಿಂದ ದೂರವಿರಿ ಅಂತಲೂ ಬರೆದರು. ಅಂದರೆ ಒಂದನ್ನು ಬಿಟ್ಟರು, ಇನ್ನೊಂದನ್ನು ಹಿಡಿದುಕೊಂಡರು. ಬಡ್ಡಿಯ ವಿಷಯವನ್ನೂ ನೋಡಿ. 1179ರಲ್ಲಿ ರೋಮಿನಲ್ಲಿ ಬಿಷಪ್ಪರು ಸೇರಿದ ಲ್ಯಾಟೆರನ್ ಮಹಾಸಭೆ, ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಕ್ರೈಸ್ತ ಸಮಾಧಿಯೂ ಇಲ್ಲ ಅಂದಿತ್ತು. ಇವತ್ತು ಬ್ಯಾಂಕಿನಲ್ಲಿ ಖಾತೆ ಇಟ್ಟವರನ್ನು ಯಾವ ಸಭೆಯೂ ಹೊರಗೆ ಹಾಕುವುದಿಲ್ಲ.

ಗುಲಾಮಗಿರಿಯ ಕಥೆ ಇನ್ನೂ ಕಹಿ. ದೇವರ ಸ್ವರೂಪದಲ್ಲಿ ಹುಟ್ಟಿದವನಿಗೆ ಎಷ್ಟು ಬೆಲೆ ಕಟ್ಟುತ್ತೀರಿ ಅಂತ ನಾಲ್ಕನೇ ಶತಮಾನದಲ್ಲೇ ನಿಸ್ಸ ಊರಿನ ಬಿಷಪ್ ಗ್ರೆಗರಿ ಪ್ರಸಂಗದಲ್ಲಿ ಕೇಳಿದ್ದ. ಆದರೂ ಅದಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರವೂ ಸತ್ಯವೇದದ ವಾಕ್ಯ ಹೇಳಿಕೊಂಡೇ ಮನುಷ್ಯರನ್ನು ಮಾರಿದವರಿದ್ದರು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದರ ಹಿಂದೆ ವಿಲಿಯಂ ವಿಲ್ಬರ್‌ಫೋರ್ಸ್‌ನಂಥ ವಿಶ್ವಾಸಿಗಳ ಹೋರಾಟವಿತ್ತು. ಎರಡೂ ಕಡೆ ಕ್ರೈಸ್ತರೇ.

ಹಾಗಾದರೆ ಯಾವ ಬದಲಾವಣೆ ಒಪ್ಪಬೇಕು, ಯಾವುದನ್ನು ಬೇಡ ಅನ್ನಬೇಕು? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದರ ಬೆಲೆ ತೆರುವವರು ಯಾರು? ಯೆರೂಸಲೇಮಿನಲ್ಲಿ ಯೆಹೂದ್ಯ ಮೂಲದ ಹಳೆಯ ವಿಶ್ವಾಸಿಗಳು ತಮ್ಮ ಹೆಚ್ಚುಗಾರಿಕೆ ಬಿಟ್ಟುಕೊಟ್ಟರು. ಗುಲಾಮಗಿರಿ ಹೋದಾಗ ಒಡೆಯರು ಕಳೆದುಕೊಂಡರು. ಬಲ ಇದ್ದವರು ಬಿಟ್ಟುಕೊಟ್ಟು ಬಲ ಇಲ್ಲದವರು ಉಸಿರಾಡುವಂತಾದರೆ ಆ ಬದಲಾವಣೆಯಲ್ಲಿ ನನಗೆ ಕ್ರಿಸ್ತನ ಗುರುತು ಕಾಣುತ್ತದೆ. ನನಗೆ ಅನುಕೂಲವಾಗಿ ಭಾರವೆಲ್ಲ ಮಗುವಿನ ಮೇಲೋ, ಮುದುಕರ ಮೇಲೋ, ಬಿಟ್ಟುಹೋದ ಸಂಗಾತಿಯ ಮೇಲೋ ಬೀಳುವಂತಿದ್ದರೆ, ಇಡೀ ಸಮಾಜ ಒಪ್ಪಿದರೂ ನಾನು ಒಪ್ಪಲಾರೆ. ಈ ಒಂದೇ ಪ್ರಶ್ನೆಯಿಂದ ಎಲ್ಲವೂ ಬಗೆಹರಿಯುವುದಿಲ್ಲ, ನಿಜ. ಮದುವೆಯಂಥ ವಿಷಯದಲ್ಲಿ ಸಭೆಗಳ ನಡುವೆಯೇ ಭಿನ್ನಾಭಿಪ್ರಾಯ ಇದೆ. ಅಲ್ಲಿ ನಿಮ್ಮ ಸಭೆಯ ಬೋಧನೆಯನ್ನು ಸರಿಯಾಗಿ ಓದಿ ತಿಳಿದುಕೊಳ್ಳಿ, ಒಪ್ಪದವರನ್ನು ಮನುಷ್ಯರಾಗಿಯೇ ನೋಡಿ.

ಹಾಗಂತ ಬಾಯಿ ಮುಚ್ಚಿಕೊಂಡು ಇರಬೇಕು ಅಂತಲ್ಲ. ದಯಾಮರಣದ ಚರ್ಚೆಯನ್ನೇ ತೆಗೆದುಕೊಳ್ಳಿ. ಜೀವ ದೇವರದು ಅನ್ನುವುದು ನಮ್ಮ ಮಾತು. ದೇವರನ್ನೇ ನಂಬದವರಿಗೆ ಅಷ್ಟನ್ನೇ ಹೇಳಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಸಿಸಿಲಿ ಸಾಂಡರ್ಸ್ ಮಾಡಿದ್ದು ಬೇರೆ. ಆಕೆ ನರ್ಸ್ ಆಗಿದ್ದವರು, ಆಮೇಲೆ ಡಾಕ್ಟರ್ ಆದವರು, ಗಾಢ ವಿಶ್ವಾಸಿ. ಸಾಯುತ್ತಿರುವವರ ನೋವನ್ನು ಹತ್ತಿರದಿಂದ ಕಂಡಿದ್ದರು. 1967ರಲ್ಲಿ ಲಂಡನ್ನಿನಲ್ಲಿ ಸಾಯುತ್ತಿರುವವರ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ತಡೆಯಲಾಗದಷ್ಟು ಏರಿದ ಮೇಲೆ ಔಷಧ ಕೊಡುವ ಬದಲು, ಅದು ಏರದ ಹಾಗೆ ಹೊತ್ತು ಹೊತ್ತಿಗೆ ಕೊಡಬೇಕು ಅಂದರು. ದೇಹದ ನೋವಿನ ಜೊತೆ ಮನಸ್ಸಿನ, ಮನೆಯವರ, ಆತ್ಮದ ನೋವನ್ನೂ ನೋಡಬೇಕು ಅಂದರು. ದೇವರನ್ನು ನಂಬದವರೂ ಇವತ್ತು ಆ ಆರೈಕೆ ಪಡೆಯುತ್ತಾರೆ, ಕೊಡುತ್ತಾರೆ. ಜೀವದ ಬಗ್ಗೆ ಒಂದು ಕ್ರೈಸ್ತ ಮಾತು ಹೀಗೆ ಎಲ್ಲರ ಕೈಗೆ ಸಿಕ್ಕಿತು.

ನಿಮ್ಮ ದಿನನಿತ್ಯಕ್ಕೆ ಇದು ಹೇಗೆ ಇಳಿಯುತ್ತದೆ? ಆಫೀಸಿನಲ್ಲಿ ಮೇಲಿನವರು, "ಈ ಬಿಲ್ಲಿಗೆ ಹೋದ ತಿಂಗಳ ತಾರೀಕು ಹಾಕಿಬಿಡಿ, ಎಲ್ಲರೂ ಮಾಡ್ತಾರೆ" ಅಂದರು ಅಂದುಕೊಳ್ಳಿ. ಇಲ್ಲಿ ದಾನಿಯೇಲ ನೆರವಿಗೆ ಬರುತ್ತಾನೆ. ಬಾಬೆಲಿಗೆ ಸೆರೆಯಾಗಿ ಹೋದವನು ಅಲ್ಲಿನ ಭಾಷೆ ಕಲಿತ, ಅವರಿಟ್ಟ ಹೆಸರು ಒಪ್ಪಿಕೊಂಡ, ಅರಮನೆಯ ಕೆಲಸಕ್ಕೂ ಸೇರಿದ. ರಾಜನ ಊಟ ಮಾತ್ರ, ತನ್ನನ್ನು ಅಶುದ್ಧನನ್ನಾಗಿ ಮಾಡುತ್ತದೆ ಅಂತ, ಬೇಡ ಅಂದ. ಬೇಡ ಅಂದ ರೀತಿ ನೋಡಿ. ದಾನಿಯೇಲ, ಅವನ ಗೆಳೆಯರು ಬಾಡಿದರೆ ರಾಜ ನನ್ನ ತಲೆ ತೆಗೆಯುತ್ತಾನೆ ಅಂತ ಅಧಿಕಾರಿ ಹೆದರಿದ್ದ. ದಾನಿಯೇಲ ಆ ಭಯವನ್ನು ತಳ್ಳಿಹಾಕಲಿಲ್ಲ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಅಂತ ಮೇಲ್ವಿಚಾರಕನಿಗೆ ದಾರಿ ತೋರಿಸಿದ. ನೀವೂ ಹಾಗೆಯೇ ಹೇಳಬಹುದು: "ಸರ್, ಸುಳ್ಳು ತಾರೀಕು ಹಾಕೋಕೆ ನನ್ನಿಂದ ಆಗಲ್ಲ. ತಡವಾದ ಕಾರಣ ಬರೆದು ನಾನೇ ಅನುಮತಿ ಕೇಳ್ತೀನಿ, ನಿಮಗೆ ತೊಂದರೆ ಆಗದ ಹಾಗೆ ನೋಡ್ಕೋತೀನಿ." ಉಪದೇಶ ಬೇಡ, ಸಹೋದ್ಯೋಗಿಗಳ ಮೇಲೆ ದೂರೂ ಬೇಡ.

ಮನೆಯಲ್ಲಿ ಮಕ್ಕಳ ಪ್ರಶ್ನೆ ಇನ್ನೊಂದು ಥರ. "ನನ್ನ ಫ್ರೆಂಡ್ ದೇವರನ್ನೇ ನಂಬಲ್ಲ, ಆದರೂ ನನಗಿಂತ ಒಳ್ಳೆಯವಳು, ಹೇಗಮ್ಮಾ?" ಆ ಗೆಳತಿಯನ್ನು ಸಣ್ಣವಳನ್ನಾಗಿ ಮಾಡಬೇಡಿ. ಧರ್ಮಶಾಸ್ತ್ರ ಇಲ್ಲದ ಜನರ ಹೃದಯದಲ್ಲೂ ಅದರ ತಾತ್ಪರ್ಯ ಬರೆದಿದೆ ಅಂತ ರೋಮಾಪುರದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ಹೇಳುತ್ತದೆ. "ಅವಳ ಒಳ್ಳೆಯತನವೂ ದೇವರಿಂದಲೇ ಬಂದದ್ದು ಅಂತ ನಾವು ನಂಬ್ತೀವಿ, ಅವಳಿಂದ ಕಲಿತುಕೋ" ಅನ್ನಿ.

ಇಷ್ಟೆಲ್ಲ ಮೆತ್ತಗೆ ಹೇಳಿದರೂ ಕೆಲವೊಮ್ಮೆ ನಷ್ಟ ಆಗುತ್ತದೆ. ಬಿಲ್ಲಿಗೆ ಸುಳ್ಳು ತಾರೀಕು ಹಾಕದವರ ಬಡ್ತಿ ತಪ್ಪಬಹುದು, ಕೆಲಸವೂ ಹೋಗಬಹುದು. ಇಲ್ಲಿ ಸಭೆಗಳ ಮೇಲೆ ನನ್ನದೊಂದು ದೂರಿದೆ. ವೇದಿಕೆಯಿಂದ ಪ್ರಾಮಾಣಿಕರಾಗಿರಿ ಅನ್ನುತ್ತೇವೆ. ಹಾಗಿದ್ದು ಕೆಲಸ ಕಳೆದುಕೊಂಡವರ ಮನೆ ಬಾಡಿಗೆ ಈ ತಿಂಗಳು ಹೇಗೆ ಅಂತ ಕೇಳುವವರು ಕಡಿಮೆ. ಮೊದಲ ವಿಶ್ವಾಸಿಗಳು ಗಟ್ಟಿಯಾಗಿ ನಿಲ್ಲಲು ಆದದ್ದು, ನಿಂತವರನ್ನು ಉಳಿದವರು ಸಾಕಿದ್ದರಿಂದ. ಆದ್ದರಿಂದ ಅಂಥ ಬಿಲ್ಲು ನಿಮ್ಮ ಮೇಜಿಗೆ ಬರುವ ಮುಂಚೆಯೇ ಸಭೆಯಲ್ಲಿ ನೀವು ನಂಬುವ ಇಬ್ಬರು ಮೂವರನ್ನು ಗುರುತಿಸಿಕೊಳ್ಳಿ. ನಿಮ್ಮ ಆಫೀಸಿನ ಕಷ್ಟ ಅವರಿಗೆ ಹೇಳಿ, ಅವರದನ್ನೂ ಕೇಳಿ. ಇದೇ ಭಾನುವಾರ ಆರಾಧನೆ ಮುಗಿದ ಮೇಲೆ ಶುರು ಮಾಡಬಹುದು.