ತಂಪಿನ ಪುನರ್ಪುಳಿ ಹುಣ್ಣಿಗೇಕೆ ಉರಿ?

ಬಾಯಿಹುಣ್ಣಾಯಿತೆಂದರೆ ನಮ್ಮ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು, 'ಉಷ್ಣ ಆಗಿದೆ.' ಹಿಂದೆಯೇ ತಂಪಿಗೆಂದು ಪುನರ್ಪುಳಿ (ಕೋಕಂ) ಶರಬತ್ತು ಬರುತ್ತದೆ. ಒಂದು ಗುಟುಕಿಗೇ ಕಣ್ಣಲ್ಲಿ ನೀರು!

ನೋವಿನ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಬಾಗಿಲಿದೆ. ಇದನ್ನು 1997ರಲ್ಲಿ ಗುರುತಿಸಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಬಾಗಿಲು ತೆರೆಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾಗಿದರೂ ಅಷ್ಟೇ. ಹುಳಿ ಅದರ ಚಿಲಕ ಸಡಿಲಿಸುತ್ತದೆ. ಯಾರು ತಟ್ಟಿದರೂ ಮಿದುಳಿಗೆ ಮುಟ್ಟುವ ಸುದ್ದಿ ಒಂದೇ: ಸುಡುತ್ತಿದೆ. ಹುಣ್ಣಾದ ಜಾಗದಲ್ಲಿ ಲೋಳೆಪೊರೆ ಕಿತ್ತು ನರ ಬರಿದಾಗಿರುತ್ತದೆ. ಉರಿಯೂತದ ರಾಸಾಯನಿಕಗಳೂ ಸೇರಿ, ಕಡಲಗಾಳಿಗೆ ತುಕ್ಕು ತಿಂದ ಚಿಲಕದಂತೆ, ಸಣ್ಣ ತಳ್ಳಿಗೂ ಬಾಗಿಲು ಕಳಚಿಕೊಳ್ಳುತ್ತದೆ. ಉಗುರುಬೆಚ್ಚಗಿನ ಗಂಜಿಯೂ ಸುಡುವುದು ಹೀಗೆ.

ಪುನರ್ಪುಳಿಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ಸಕ್ಕರೆ ಹಾಕಿದರೆ ನಾಲಗೆಗೆ ಹುಳಿ ಮರೆಯಾದೀತು, ಆಮ್ಲ ಅಲ್ಲೇ ಇರುತ್ತದೆ. ಅನಾನಸು, ಹುಣಸೆ, ಹುಳಿಬಂದ ಮಜ್ಜಿಗೆಯ ತಂಬುಳಿ, ಎಲ್ಲದರ ಕಥೆಯೂ ಇದೇ.

ಮೆಣಸಿನಕಾಯಿ ಬಿಟ್ಟು ಒಳ್ಳೆಮೆಣಸಿನ ಸಾರು ಕೊಡುವುದೂ ತಪ್ಪು. ಅದರ ಪೈಪರೀನ್ ತಟ್ಟುವುದೂ ಈ ಬಾಗಿಲನ್ನೇ. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬರುವ ಮೊದಲು ಇಲ್ಲಿ ಮೆಣಸೆಂದರೆ ಬಳ್ಳಿಯ ಕರಿ ಕಾಳು ಮಾತ್ರ. ನಂಟೇ ಇಲ್ಲದ ಎರಡು ಗಿಡಗಳಿಗೆ ಜನ ಒಂದೇ ಹೆಸರು ಅಂಟಿಸಿದರು. ಪ್ರಯೋಗಾಲಯಕ್ಕಿಂತ ಶತಮಾನಗಳ ಮೊದಲೇ ನಾಲಗೆ ಸರಿಯಾಗಿ ಗುರುತಿಸಿತ್ತು!

'ಉಷ್ಣ' ಎಂಬ ಮಾತಿನ ನಿಜವಾದ ಅಪಾಯ ಬೇರೆ. ಮೂರು ವಾರವಾದರೂ ಮಾಯದ ಹುಣ್ಣನ್ನು, ಅದರಲ್ಲೂ ಎಲೆಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಿಯದನ್ನು, ಬೊಂಡ (ಎಳನೀರು) ಕುಡಿಸಿ ಕಾಯಬಾರದು. ದಂತವೈದ್ಯರಿಗೆ ತೋರಿಸಲೇಬೇಕು.

ಊಟಕ್ಕೆ ಗಂಜಿಯೇ ಒಳ್ಳೆಯದು. ಒಂದು ಲೋಟ ಕುಚ್ಚಲಕ್ಕಿಗೆ ಎಂಟು ಲೋಟ ನೀರು. ಅಗುಳು ಎರಡು ಬೆರಳ ನಡುವೆ ಪೂರ್ತಿ ನುಣ್ಣಗಾಗುವವರೆಗೆ ಬೇಯಬೇಕು. ನಡುವೆ ಗಟ್ಟಿ ಉಳಿದರೆ ಅದೇ ಹುಣ್ಣನ್ನು ಕೆರೆಯುತ್ತದೆ. ಸೌಟಿನಲ್ಲಿ ಮಸೆದು, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ: ಬಿಸಿ ಗೊತ್ತಾಗಬಾರದು. ಉಪ್ಪು ಒಂದು ಚಿಟಿಕೆ ಸಾಕು. ಬಟ್ಟಲಿಗೆ ಎರಡು ಚಮಚೆ ದಪ್ಪ ತೆಂಗಿನಹಾಲು ಬೆರೆಸಿದರೆ ಅದರ ಜಿಡ್ಡಿಗೆ ತುತ್ತು ಜಾರಿಕೊಂಡು ಹೋಗುತ್ತದೆ. ಪಕ್ಕದಲ್ಲಿ ಉಪ್ಪಿನಕಾಯಿ ಬೇಡ.

ಗಂಜಿ ಬೇಸರವಾದರೆ ನೀರುದೋಸೆ. ಕಾವಲಿಯ ಉರಿ ಸಣ್ಣದಿಟ್ಟು, ಮುಚ್ಚಿ ಬೇಯಿಸಿ. ಅಂಚು ಗರಿಯಾದರೆ ಹರಿದು ಬಿಸಾಡಿ, ಅದು ಗಾಯಕ್ಕೆ ಚುಚ್ಚುತ್ತದೆ. ಜೊತೆಗೆ ರೂಢಿಯ ಕಾಯಿಬೆಲ್ಲವೂ ಆಗದು, ತುರಿಯ ನಾರು ಹುಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಅದೇ ಕಾಯಿಯನ್ನು ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ, ಆ ಹಾಲಿಗೆ ಬೆಲ್ಲ ಕರಗಿಸಿ ದೋಸೆ ಅದ್ದಿ. ತಿಂದ ಮೇಲೆ 250 ಮಿಲಿಲೀಟರ್ ನೀರಿಗೆ ಅರ್ಧ ಟೀಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ ಮುಕ್ಕಳಿಸಿ. ಅದು ರಕ್ತದ ಉಪ್ಪಿಗೆ ಸರಿಸಮ, ಹೆಚ್ಚು ಉರಿಯುವುದಿಲ್ಲ.