ಬೆಂಬಲ ಬೆಲೆಗೆ ಡಬ್ಲ್ಯೂಟಿಓ ಮಿತಿ: ಅಕ್ಕಿಯ ಲೆಕ್ಕ

ಜಾಗತೀಕರಣ ಒಂದು ದೇಶದ ಕೈಯನ್ನು ಎಲ್ಲಿ ಕಟ್ಟುತ್ತದೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ಬದಲು ಈ ಒಂದು ಲೆಕ್ಕ ಮಾಡಿ ತೋರಿಸಿ.

1995ರಲ್ಲಿ ಜಾರಿಗೆ ಬಂದ, ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯೂಟಿಓ) ಕೃಷಿ ಒಪ್ಪಂದದಂತೆ ಭಾರತ ಒಂದು ಬೆಳೆಗೆ ಕೊಡುವ ಬೆಂಬಲ ಆ ಬೆಳೆಯ ಉತ್ಪಾದನಾ ಮೌಲ್ಯದ ಶೇ. 10 ಮೀರಬಾರದು. ಇಲ್ಲಿ ಬೆಂಬಲವೆಂದರೆ ಸರ್ಕಾರ ಖರ್ಚು ಮಾಡಿದ ಹಣವಲ್ಲ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಸೂತ್ರ ಹೀಗಿದೆ:

(ಬೆಂಬಲ ಬೆಲೆ − ಉಲ್ಲೇಖ ಬೆಲೆ) × ಪ್ರಮಾಣ

ಉಲ್ಲೇಖ ಬೆಲೆ, ಅಂದರೆ ಹೋಲಿಕೆಗೆ ಹಿಡಿಯುವ ಅಂತರರಾಷ್ಟ್ರೀಯ ಬೆಲೆ, 1986-88ರ ಮಟ್ಟದಲ್ಲೇ ನಿಂತಿದೆ: ಅಕ್ಕಿಗೆ ಟನ್ನಿಗೆ 262.51 ಡಾಲರ್. ಗೊಬ್ಬರ, ಡೀಸೆಲ್, ಕೂಲಿ ಎಲ್ಲವೂ ಏರಿದರೂ ಅದು ಏರುವುದಿಲ್ಲ. ಅನ್ಯಾಯದ ಬೇರು ಇದೇ.

2018-19ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1,750 ರೂಪಾಯಿ. ನೂರು ಕೆ.ಜಿ. ಭತ್ತಕ್ಕೆ 67 ಕೆ.ಜಿ. ಅಕ್ಕಿ ಎಂದು ಹಿಡಿದರೆ ಟನ್ ಅಕ್ಕಿಗೆ ಸುಮಾರು 26,100 ರೂಪಾಯಿ, ಡಾಲರಿಗೆ 70 ರೂಪಾಯಿಯಂತೆ 373 ಡಾಲರ್. ವ್ಯತ್ಯಾಸ 110 ಡಾಲರ್. ಖರೀದಿಯಾದ ಸುಮಾರು 4.4 ಕೋಟಿ ಟನ್ನಿಗೆ ಗುಣಿಸಿದರೆ 500 ಕೋಟಿ ಡಾಲರಿನ ಹತ್ತಿರ ಬರುತ್ತದೆ. ಭಾರತ ಡಬ್ಲ್ಯೂಟಿಓಗೆ ವರದಿ ಮಾಡಿದ್ದೂ ಅಷ್ಟೇ. ಉತ್ಪಾದನಾ ಮೌಲ್ಯ 4,367 ಕೋಟಿ ಡಾಲರ್, ಅಂದರೆ ಶೇ. 11ಕ್ಕಿಂತ ತುಸು ಹೆಚ್ಚು. ಮಿತಿ ದಾಟಿತು.

ಇದೇ ಲೆಕ್ಕವನ್ನು ರೂಪಾಯಿಯಲ್ಲಿ ಮಾಡಿ ನೋಡಿ. ಹಳೆಯ ಉಲ್ಲೇಖ ಬೆಲೆ ಟನ್ನಿಗೆ 3,520 ರೂಪಾಯಿ. ವ್ಯತ್ಯಾಸ 22,000 ದಾಟಿ, ಬೆಂಬಲ ಶೇ. 30ರ ಮೇಲೆ ಹೋಗುತ್ತದೆ. ರೈತನಿಗೆ ಸಿಕ್ಕಿದ್ದು ಅದೇ ಹಣ, ಬದಲಾದದ್ದು ಕರೆನ್ಸಿ ಮಾತ್ರ. 2018ರಲ್ಲಿ ಅಮೆರಿಕ ರೂಪಾಯಿಯ ಲೆಕ್ಕವನ್ನೇ ಹಿಡಿಯಿತು, ಖರೀದಿಯ ಬದಲು ಇಡೀ ಉತ್ಪಾದನೆಯನ್ನೂ ಸೇರಿಸಿ, ಹಿಂದಿನ ವರ್ಷಗಳ ಅಕ್ಕಿಗೆ ಶೇ. 70ಕ್ಕೂ ಹೆಚ್ಚು ಬೆಂಬಲ ಸಿಕ್ಕಿದೆ ಎಂದು ವಾದಿಸಿತು.

ಮಿತಿ ದಾಟಿದರೂ ಭಾರತದ ಮೇಲೆ ದಾವೆ ಹೂಡದಂತೆ ತಡೆಯುವುದು 2013ರಲ್ಲಿ ಬಾಲಿಯಲ್ಲಿ ನಡೆದ ಡಬ್ಲ್ಯೂಟಿಓ ಸಚಿವರ ಸಭೆಯ ‘ಪೀಸ್ ಕ್ಲಾಸ್’ (ಶಾಂತಿ ಷರತ್ತು). ಇದರ ವ್ಯಾಪ್ತಿಯನ್ನು ಗಮನವಿಟ್ಟು ಓದಿ. ಅಭಿವೃದ್ಧಿಶೀಲ ದೇಶದ ಸಾಂಪ್ರದಾಯಿಕ ಆಹಾರದಲ್ಲಿ ಪ್ರಧಾನವಾದ ಬೆಳೆಗಳಿಗೆ, ಅದೂ ಆ ನಿರ್ಧಾರದ ದಿನಕ್ಕಾಗಲೇ ಇದ್ದ ಸರ್ಕಾರಿ ಆಹಾರ ದಾಸ್ತಾನು ಯೋಜನೆಗಳಿಗೆ ಮಾತ್ರ ರಕ್ಷಣೆ. ಜನ ಏನು ಉಣ್ಣುತ್ತಾರೆ ಎಂಬುದು ವ್ಯಾಪಾರ ಕಾನೂನಿನೊಳಗೆ ಬಂದ ಅಪರೂಪದ ಜಾಗ ಇದು. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಕರ್ನಾಟಕದಂಥ ರಾಜ್ಯಕ್ಕೆ ‘ಸಾಂಪ್ರದಾಯಿಕ’ ಎಂಬ ಮಾತು ನೆರವಾಗುತ್ತದೆ, ದಿನಾಂಕದ ಷರತ್ತು ತೊಡಕಾಗಬಹುದು. ಉಲ್ಲೇಖ ಬೆಲೆಯನ್ನು ಪರಿಷ್ಕರಿಸಿ, 2013ರ ನಂತರದ ಯೋಜನೆಗಳನ್ನೂ ಸೇರಿಸಿ ಎಂಬ ಭಾರತದ ಬೇಡಿಕೆಗೆ 2024ರ ಅಬುಧಾಬಿ ಸಭೆಯಲ್ಲೂ ಒಪ್ಪಿಗೆ ಸಿಗಲಿಲ್ಲ.